ಜಪಸರದ ನಡುವೆ ಬಂದ ಜಾಹೀರಾತು

ಅಕ್ಟೋಬರ್ ತಿಂಗಳು ಜಪಸರ ಮಾತೆಯ ತಿಂಗಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳು ವಿರಳ. ಸಕ್ಕರೆ ಕಾರ್ಖಾನೆಯ ನೌಕರರು, ಶಾಲೆಯ ಶಿಕ್ಷಕರು, ಆಸ್ಪತ್ರೆಯ ದಾದಿಯರು, ಮಗ್ಗವನ್ನು ನಂಬಿದವರು, ಹೀಗೆ ಅಲ್ಲೊಂದು ಇಲ್ಲೊಂದು ಮನೆ. ಆದ್ದರಿಂದಲೇ ಅಕ್ಟೋಬರ್‌ನಲ್ಲಿ ದಿನಕ್ಕೊಂದು ಮನೆಯಂತೆ ಕೂಡಿ ಜಪಸರ ಮಾಡುವ ರೂಢಿಗೆ ಇಲ್ಲಿ ಒಂದು ವಿಶೇಷ ಬೆಲೆಯಿದೆ. ಅಂದು ನಾವು ಕೂಡಿದ್ದು ಬನಹಟ್ಟಿಯ ಒಂದು ನೇಕಾರರ ಮನೆಯಲ್ಲಿ. ಮುಂದಾಳಾಗಿ ಪ್ರಾರ್ಥನೆ ಹೇಳಬೇಕಾದವರು ಬಸ್ಸು ತಪ್ಪಿ ಬರಲಾಗಲಿಲ್ಲ. ಮನೆಯ ಮಗ ಮೊಬೈಲನ್ನು ಮಾತೆಯ ಪ್ರತಿಮೆಯ ಪಕ್ಕಕ್ಕಿಟ್ಟು ಯೂಟ್ಯೂಬಿನಲ್ಲಿದ್ದ ಕನ್ನಡ ಜಪಸರವೊಂದನ್ನು ಹಚ್ಚಿದ. ಧ್ವನಿ ಇಂಪಾಗಿತ್ತು, ಉಚ್ಚಾರ ಶುದ್ಧವಾಗಿತ್ತು, ನಾವೆಲ್ಲ ಅದರ ಹಿಂದೆ ಹೇಳುತ್ತ ಹೋದೆವು.

ಮೂರನೆಯ ರಹಸ್ಯದ ಏಳನೆಯ ಮಣಿಯೋ ಎಂಟನೆಯದೋ, ಇದ್ದಕ್ಕಿದ್ದಂತೆ ಮಾತೆಯ ಹೆಸರು ನಿಂತು ಒಬ್ಬ ಯುವಕನ ಉತ್ಸಾಹದ ಧ್ವನಿ ಕೇಳಿತು. ದಾಖಲೆ ಬೇಡ, ಜಾಮೀನು ಬೇಡ, ಐದೇ ನಿಮಿಷದಲ್ಲಿ ನಿಮ್ಮ ಖಾತೆಗೆ ಸಾಲ! ಒಂದು ಕ್ಷಣ ಯಾರಿಗೂ ಏನೂ ತೋಚಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಆ ಮನೆಯ ಆಯಿ ಮಾತ್ರ ಕಣ್ಣು ತೆರೆಯದೆಯೇ ಗದರಿದರು: “ಏ ತಮ್ಮಾ, ಮರಿಯವ್ವನ ಪ್ರಾರ್ಥನಿ ನಡುವ ಇಂವ ಯಾಂವ ಬಂದಾನ? ಹೊರಗ ಕೂಡಸ್ರಿ ಅವನ್ನ.”

ಎಲ್ಲರೂ ನಕ್ಕರು. ನಾವೂ ನಕ್ಕೆವು. ಮೊಬೈಲಿನ ಬಳಿ ಕುಳಿತಿದ್ದ ಮಗನೊಬ್ಬನು ನಗಲಿಲ್ಲ. ಅದನ್ನು ನಾವು ಆಗ ಗಮನಿಸಿದೆವಾದರೂ ಅದರ ಅರ್ಥ ತಿಳಿದದ್ದು ಕೆಲವು ದಿನಗಳ ಅನಂತರ.

ಆಯಿಯ ಪ್ರಶ್ನೆ ಮಾತ್ರ ಮನೆಗೆ ಬರುವಾಗಲೂ ನಮ್ಮ ಬೆನ್ನು ಬಿಡಲಿಲ್ಲ. ನಮ್ಮ ಮನೆಗಳ ಒಳಗೆ, ಪೀಠದ ಪಕ್ಕಕ್ಕೇ, ಇವನು ಯಾವಾಗ ಬಂದು ಕುಳಿತ? ಕರೆದವರಾದರೂ ಯಾರು?

ದೂರದರ್ಶನವು ಈ ಸೀಮೆಗೆ ಮೊದಲು ಕಾಲಿಟ್ಟ ಕಥೆಯನ್ನು ನಮ್ಮ ಕಿರಿಯರು ಬಹುಶಃ ಕೇಳಿರಲಾರರು. ಬೆಂಗಳೂರು ಮೈಸೂರುಗಳಿಗೂ ಇಲ್ಲದ ಭಾಗ್ಯ ಒಂದು ವರ್ಷದ ಮಟ್ಟಿಗೆ ಬಯಲುಸೀಮೆಯ ಹಳ್ಳಿಗಳಿಗೆ ಒದಗಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ನಾಸಾದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪೆಟ್ಟಿಗೆಗಳು ಬಂದವು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು ಮತ್ತು ವಿಜಾಪುರ. ಬಾಗಲಕೋಟೆ ಜಿಲ್ಲೆ ಇನ್ನೂ ಹುಟ್ಟಿರದ ಕಾಲವದು. ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳು ಆ ಅವಿಭಕ್ತ ವಿಜಾಪುರಕ್ಕೇ ಸೇರಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಯ ಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ನಾಲ್ಕು ಗಂಟೆಯ ಕಾರ್ಯಕ್ರಮ. ಒಕ್ಕಲುತನ, ಆರೋಗ್ಯ, ಪಾಠ, ನಡುವೆ ಒಂದಿಷ್ಟು ಹಾಡು ಕುಣಿತ.

ಈ ಪೆಟ್ಟಿಗೆಯ ಕುರಿತು ಎರಡು ಸಂಗತಿಗಳನ್ನು ಇಂದು ವಿಶೇಷವಾಗಿ ನೆನೆಯಬೇಕು. ಅದು ಯಾರೊಬ್ಬರ ಮನೆಯದೂ ಆಗಿರಲಿಲ್ಲ. ಶಾಲೆಯಲ್ಲಿಯೋ ಪಂಚಾಯಿತಿಯಲ್ಲಿಯೋ ಇತ್ತು, ನೋಡುವವರು ಚಾಪೆ ಕಂಬಳಿ ಹಿಡಿದುಕೊಂಡು ಕೂಡಿಯೇ ಬರಬೇಕಿತ್ತು. ಮತ್ತು ಅದು ಯಾರಿಗೂ ಏನನ್ನೂ ಮಾರುತ್ತಿರಲಿಲ್ಲ. ಸೋಜಿಗವೆಂದರೆ, ಈ ಪ್ರಯೋಗ ನಡೆಯುತ್ತಿದ್ದಾಗಲೇ, 1976ರ ಜನವರಿ 1ರಂದು, ದೂರದರ್ಶನವು ನಗರಗಳ ಕೇಂದ್ರಗಳಲ್ಲಿ ಜಾಹೀರಾತುಗಳಿಗೆ ಬಾಗಿಲು ತೆರೆಯಿತು. ವರ್ಷ ಮುಗಿದೊಡನೆ ಉಪಗ್ರಹ ದೂರ ಸರಿಯಿತು. ಮುಂದೆ ಟೀವಿ ನಮ್ಮೂರುಗಳಿಗೆ ಮರಳಿ ಬಂದಾಗ ಸಾಬೂನು, ಟೂತ್‌ಪೇಸ್ಟು, ಸ್ಕೂಟರುಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿತು. 1987ರಲ್ಲಿ ಭಾನುವಾರ ಬೆಳಗ್ಗೆ ‘ರಾಮಾಯಣ’ ಆರಂಭವಾದಾಗ ನೆರೆಮನೆಯವರ ನಡುಮನೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕುಳಿತು ನೋಡಿದವರು ನಾವು. ಜಾಹೀರಾತು ಬಂದಾಗ ಎದ್ದು ನೀರು ಕುಡಿದು ಬರುತ್ತಿದ್ದೆವು. ಆ ಜಾಹೀರಾತು ಊರಿಗೆಲ್ಲ ಒಂದೇ ಆಗಿತ್ತು. ನಮ್ಮಲ್ಲಿ ಯಾರಿಗೆ ಯಾವ ಕೊರತೆಯಿದೆ ಎಂಬುದು ಅದಕ್ಕೆ ತಿಳಿದಿರಲಿಲ್ಲ.

ಜಾಹೀರಾತೆಂದರೆ ಪಾಪವೆಂದು ಸಾರುವ ಉದ್ದೇಶ ನಮಗಿಲ್ಲ. ನೀವು ಓದುತ್ತಿರುವ ಈ ಪತ್ರಿಕೆಯೂ ಜಾಹೀರಾತಿನ ಅನ್ನವನ್ನೇ ಉಣ್ಣುತ್ತದೆ. ನಮ್ಮ ಊರುಗಳ ದುಡಿಮೆಗೂ ಅದು ಬೇಕು. ಈ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ ಗೋಡೆಗೋಡೆಗೂ ಸಿಮೆಂಟು, ಬೀಜ, ಗೊಬ್ಬರಗಳ ಬಣ್ಣದ ಬರಹ. ಕಬ್ಬಿನ ಬಿಲ್ಲು ಕೈಸೇರುವ ಹೊತ್ತಿಗೆ ಮೋಟಾರುಬೈಕಿನವರೂ ಮೊಬೈಲಿನವರೂ ಪೆಂಡಾಲು ಹಾಕುತ್ತಾರೆ. ಇದರಲ್ಲಿ ಮುಚ್ಚುಮರೆಯಿಲ್ಲ; ವ್ಯಾಪಾರಿ ಎದುರಿಗೆ ನಿಂತಿರುತ್ತಾನೆ, ಬೇಡವೆಂದು ಮುಂದೆ ನಡೆಯಬಹುದು.

ಮುಧೋಳದ ಬೇಟೆನಾಯಿಯ ಸಂಗತಿಯನ್ನೇ ನೋಡಿ. 2020ರ ಆಗಸ್ಟ್ ಕೊನೆಗೆ ಪ್ರಧಾನಮಂತ್ರಿಗಳು ‘ಮನ್ ಕೀ ಬಾತ್’ ಬಾನುಲಿ ಭಾಷಣದಲ್ಲಿ ದೇಶೀ ತಳಿಗಳನ್ನು ಹೊಗಳುತ್ತ ಅದರ ಹೆಸರನ್ನೆತ್ತಿದರು. ಕಾಸಿನ ಖರ್ಚಿಲ್ಲದ ಜಾಹೀರಾತು! ಅದಕ್ಕೂ ಮೊದಲು, 2005ರಲ್ಲಿ, ಅಂಚೆಚೀಟಿಯ ಮೇಲೂ ಅದು ಕಾಣಿಸಿಕೊಂಡಿತ್ತು. ಹೆಸರು ಹರಡಿದರೆ ಸಾಕುವವನಿಗೆ ಲಾಭ. ಆದರೆ ಹೆಸರಿನ ಹಿಂದೆಯೇ ನಕಲಿಯೂ ಬರುತ್ತದೆ. ಕಾಲು ನೀಳವಾಗಿ ಹೊಟ್ಟೆ ಒಳಗೆ ಹೋಗಿರುವ ಯಾವ ಮರಿಯ ಚಿತ್ರವನ್ನು ಮೊಬೈಲಿಗೇರಿಸಿದರೂ ‘ಅಪ್ಪಟ ಮುಧೋಳ’ ಎಂದು ನಂಬುವವರಿದ್ದಾರೆ.

ಬೆಲ್ಲದ ಮಾತೂ ಅಷ್ಟೇ. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದದ್ದು. ಕಬ್ಬಿನ ಹಾಲನ್ನು ಸುಣ್ಣದಿಂದ ತಿಳಿಗೊಳಿಸಿ ಕಾಯಿಸಿದ ಬೆಲ್ಲ ಕಂದುಬಣ್ಣಕ್ಕೆ ಇರುತ್ತದೆ. ಕೊಳ್ಳುವವರ ಕಣ್ಣಿಗೆ ಹಳದಿ ಬೆಳ್ಳನೆಯ ಬೆಲ್ಲ ಚೆಂದ ಕಂಡದ್ದರಿಂದ ಹೈಡ್ರೋಸ್ ಎಂಬ ರಾಸಾಯನಿಕ ಗಾಣಗಳೊಳಗೆ ನುಸುಳಿತು. ಈಗ ಅದೇ ಕಂದು ಬೆಲ್ಲಕ್ಕೆ ‘ಸಾವಯವ’ ಎಂಬ ಚೀಟಿ ಅಂಟಿಸಿ ಹೆಚ್ಚಿನ ದರಕ್ಕೆ ಮಾರುವ ಜಾಹೀರಾತುಗಳು ಬಂದಿವೆ. ಇವುಗಳಲ್ಲಿ ಕೆಲವು ನಿಜ, ಕೆಲವು ಕೇವಲ ಚೀಟಿ. ಬನಹಟ್ಟಿಯ ನೇಕಾರನು ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದೊಡನೆ ಅದು ಕೈಮಗ್ಗದ್ದೋ ಪವರ್‌ಲೂಮಿನದ್ದೋ ಹೇಳಬಲ್ಲ. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸುವ ದೂರದ ಊರಿನ ಹೆಣ್ಣುಮಗಳಿಗೆ ಅದು ಸಾಧ್ಯವಿಲ್ಲ. ಅವಳಿಗಾಗಿಯೇ 2006ರಲ್ಲಿ ಕೇಂದ್ರ ಸರ್ಕಾರ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತನ್ನು ತಂದಿತು. ಪವರ್‌ಲೂಮಿನ ಸೀರೆಯನ್ನು ಪವರ್‌ಲೂಮಿನದ್ದೆಂದೇ ಹೇಳಿ ಮಾರುವುದರಲ್ಲಿ ಯಾವ ಅವಮಾನವೂ ಇಲ್ಲ. ನಮ್ಮೂರಿನ ಎಷ್ಟೋ ಒಲೆಗಳು ಉರಿಯುವುದು ಅದರಿಂದಲೇ. ನಮ್ಮ ಕುಟುಂಬಗಳವರು ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಹೌದು ಎಂಬ ಕಾರಣಕ್ಕೆ ಇಷ್ಟನ್ನು ಹೇಳಬೇಕಾಯಿತು.

ಬಾಗಲಕೋಟೆ ಜಿಲ್ಲೆ ಹುಟ್ಟಿದ 1997ರಲ್ಲಿಯೇ, ಫೆಬ್ರವರಿ ತಿಂಗಳಲ್ಲಿ, ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಾಧ್ಯಮಗಳ ಪರಿಷತ್ತು ಜಾಹೀರಾತಿನ ನೀತಿಯನ್ನು ಕುರಿತು ಒಂದು ದಾಖಲೆಯನ್ನು ಪ್ರಕಟಿಸಿತು. ಜಾಹೀರಾತು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ, ಅದು ಒಂದು ಸಾಧನ ಎಂಬುದು ಅದರ ನಿಲುವು. ಸತ್ಯ, ಮಾನವ ಘನತೆ, ಸಮಾಜದ ಹೊಣೆ ಎಂಬ ಮೂರು ಅಳತೆಗೋಲುಗಳನ್ನು ಅದು ಮುಂದಿಡುತ್ತದೆ. ಧಾರ್ಮಿಕ ಭಾವನೆಗಳನ್ನು ಸರಕು ಮಾರಲು ದುಡಿಸಿಕೊಳ್ಳುವುದನ್ನೂ ಆಕ್ಷೇಪಿಸುತ್ತದೆ. ಶ್ರೀಸಭೆಯು ಯಂತ್ರಗಳಿಗೆ ಹೆದರಿದ್ದುಂಟೆಂದು ಕೆಲವರು ಆಡಿಕೊಳ್ಳುವುದನ್ನು ಕೇಳಿದ್ದೇವೆ. ರೇಡಿಯೊದ ಜನಕರಲ್ಲೊಬ್ಬನಾದ ಮಾರ್ಕೋನಿಯನ್ನೇ ಕರೆಯಿಸಿ 1931ರಲ್ಲಿ ವ್ಯಾಟಿಕನ್ ಬಾನುಲಿಯನ್ನು ಆರಂಭಿಸಿದವರು ಜಗದ್ಗುರು ಹನ್ನೊಂದನೆಯ ಪಯಸ್. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಮೊದಲ ಎರಡು ದಾಖಲೆಗಳಲ್ಲಿ ಒಂದು, 1963ರ ಡಿಸೆಂಬರ್ 4ರದು, ಸಂಪರ್ಕ ಮಾಧ್ಯಮಗಳನ್ನೇ ಕುರಿತದ್ದು.

ಸಂತ ಕ್ಲಾರಾಳ ಪ್ರಸಂಗ ನಮಗೆ ಎಲ್ಲಕ್ಕಿಂತ ಪ್ರಿಯ. ಕಾಯಿಲೆಯಿಂದ ಮಲಗಿದ್ದ ಆಕೆ ಕ್ರಿಸ್ತಜಯಂತಿಯ ರಾತ್ರಿ ದೇವಾಲಯಕ್ಕೆ ಹೋಗಲಾರದೆ ಕೊರಗುತ್ತಿದ್ದಾಗ, ಅಲ್ಲಿ ನಡೆದ ಆರಾಧನೆಯನ್ನು ತನ್ನ ಕೋಣೆಯಲ್ಲಿದ್ದಂತೆಯೇ ಕಂಡಳು, ಕೇಳಿದಳು ಎಂಬುದು ಪರಂಪರೆಯ ಮಾತು. ಈ ಕಾರಣದಿಂದಲೇ 1958ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಆಕೆಯನ್ನು ದೂರದರ್ಶನದ ಪಾಲಕ ಸಂತಳೆಂದು ಸಾರಿದರು. 2020ರಲ್ಲಿ ಕೊರೋನಾ ಬಂದು ಚರ್ಚುಗಳ ಬಾಗಿಲು ಮುಚ್ಚಿದಾಗ ನಾವೆಲ್ಲ ಸಂತ ಕ್ಲಾರಾಳ ಕೋಣೆಯಲ್ಲೇ ಇದ್ದೆವಲ್ಲವೇ? ಬಲಿಪೂಜೆಗೆಂದು ಬಸ್ಸು ಹತ್ತಿ ಹೋಗಬೇಕಾದ ನಮ್ಮಂಥ ಚದುರಿದ ಕುಟುಂಬಗಳಿಗೆ ಆ ಗೇಣುದ್ದದ ಗಾಜೇ ದೇವಾಲಯವಾಯಿತು. ಮಕ್ಕಳ ಪಾಠವೂ ಅದರಲ್ಲೇ. ಒಂದೇ ಮೊಬೈಲಿಗೆ ಮೂವರು ಮಕ್ಕಳು ಸರದಿ ಕಾದ ಮನೆಗಳು ನಮಗೆ ಗೊತ್ತು. ನಾವು ಹೇಳುತ್ತಿರುವ ಬನಹಟ್ಟಿಯ ಮನೆಗೂ ಮೊದಲ ಒಳ್ಳೆಯ ಮೊಬೈಲು ಬಂದದ್ದು ಆಗಲೇ, ಕಂತಿನ ಮೇಲೆ.

ಈಗ ಆ ಮಗನ ವಿಷಯ. ಅವನು ಪವರ್‌ಲೂಮ್ ಕಾರ್ಖಾನೆಯೊಂದರಲ್ಲಿ ದುಡಿಯುವವನು. ಸೀರೆಗಳ ಬೇಡಿಕೆ ಇಳಿದು ಕೆಲವು ವಾರ ಕೆಲಸ ಕಡಿಮೆಯಾಯಿತು. ಮನೆಗೆ ಕೊಡುವ ಹಣ ಕಡಿಮೆಯಾದರೆ ಅಪ್ಪ ಏನೆಂದಾರೋ ಎಂಬ ಸಂಕೋಚ. ಒಂದು ರಾತ್ರಿ ಮೊಬೈಲಿನಲ್ಲಿ ಸಾಲದ ಬಗ್ಗೆ ಹುಡುಕಿದ. ಹುಡುಕಿದ್ದೇ ತಡ, ಅವನು ಏನು ನೋಡಿದರೂ ನಡುವೆ ಸಾಲದ ಜಾಹೀರಾತೇ. ಅಂಥದೊಂದು ಆ್ಯಪಿನಲ್ಲಿ ಎಂಟು ಸಾವಿರ ಕೇಳಿದ. ಕೈಗೆ ಬಂದದ್ದು ಐದು ಸಾವಿರದ ಇನ್ನೂರು; ಉಳಿದದ್ದು ‘ಶುಲ್ಕ’ವಂತೆ. ಏಳು ದಿನಗಳಲ್ಲಿ ತೀರಿಸಬೇಕಾದದ್ದು ಪೂರ್ತಿ ಎಂಟು ಸಾವಿರ. ಅದನ್ನು ತೀರಿಸಲು ಇನ್ನೊಂದು ಆ್ಯಪು, ಅದಕ್ಕೆ ಮತ್ತೊಂದು. ಸಾಲ ಪಡೆಯುವಾಗ ಯಾವುದಕ್ಕೆಲ್ಲ ಒಪ್ಪಿಗೆಯ ಗುಂಡಿ ಒತ್ತಿದನೋ, ಅವನ ಮೊಬೈಲಿನಲ್ಲಿದ್ದ ಹೆಸರುಗಳ ಪಟ್ಟಿಯಷ್ಟೂ ಅವರ ಕೈಸೇರಿತ್ತು. ಮೊದಲು ಗೆಳೆಯರಿಗೆ ಕರೆ, ಆಮೇಲೆ ಕಾರ್ಖಾನೆಯ ಮಾಲೀಕರಿಗೆ, ಕೊನೆಗೆ ಕುವೈತಿನಲ್ಲಿ ದಾದಿಯಾಗಿರುವ ಅಕ್ಕನಿಗೆ. “ನಿಮ್ಮ ತಮ್ಮ ಕಳ್ಳ” ಎಂದು ಹಿಂದಿಯಲ್ಲಿ ಬೈದರಂತೆ. ಜಪಸರದ ಆ ಸಂಜೆ ಆ ಕರೆ ಬಂದು ಎರಡು ದಿನಗಳಾಗಿದ್ದವು. ಅಕ್ಕ ಮನೆಯವರಿಗೆ ಹೇಳಿರಲಿಲ್ಲ. ತಾನಾಗಿಯೇ ಹೇಳಲಿ ಎಂದು ಕಾದಿದ್ದಳು.

ಜಪಸರದ ನಡುವೆ ಬಂದ ಜಾಹೀರಾತು ಆ ಪ್ರಾರ್ಥನೆಯನ್ನು ಹಾಕಿದ ಗುರುಗಳೋ ಭಗಿನಿಯರೋ ಆರಿಸಿದ್ದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅನೇಕರು ಹಾಗೆ ತಿಳಿದು ಅವರನ್ನು ದೂರುತ್ತಾರೆ. ನಾವು ಒಂದು ವೀಡಿಯೊ ತೆರೆದೊಡನೆ, ಕಣ್ಣು ಮಿಟುಕಿಸುವುದರೊಳಗೆ, ಅದರ ನಡುವಿನ ಜಾಗ ಹರಾಜಾಗುತ್ತದೆ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟೆಗೆ ಕೂಗಿದಂತೆಯೇ, ಆದರೆ ಕೂಗುವವರು ಯಂತ್ರಗಳು. ಹರಾಜಿಗೆ ಇಟ್ಟ ಸರಕು ಆ ಪ್ರಾರ್ಥನೆಯಲ್ಲ, ಅದನ್ನು ಕೇಳುತ್ತಿರುವ ನಾವು. ನಮ್ಮ ವಯಸ್ಸು, ಊರು, ಹಿಂದೆ ಹುಡುಕಿದ್ದು, ನೋಡಿದ್ದು ಇವನ್ನೆಲ್ಲ ತೂಗಿ ಬೆಲೆ ಕಟ್ಟಲಾಗುತ್ತದೆ. ಚಾನೆಲ್ಲಿನವರು ಜಾಹೀರಾತಿನಿಂದ ಒಂದು ಪೈಸೆ ಬಯಸದಿದ್ದರೂ ಅವರ ವೀಡಿಯೊಗಳಲ್ಲಿ ಜಾಹೀರಾತು ಹಾಕುವ ಹಕ್ಕನ್ನು ಯೂಟ್ಯೂಬ್ 2021ರಿಂದ ನಮ್ಮ ದೇಶವೂ ಸೇರಿದಂತೆ ಎಲ್ಲೆಡೆ ತನ್ನ ನಿಯಮಗಳಲ್ಲಿ ಬರೆದುಕೊಂಡಿದೆ. ಅಂದು ಹತ್ತು ಹದಿನೈದು ಜನ ಕೂಡಿ ಜಪಸರ ಹೇಳುತ್ತಿದ್ದರೂ ಯಂತ್ರಕ್ಕೆ ಕಂಡದ್ದು ಮೊಬೈಲಿನ ಒಡೆಯನಾದ ಆ ಒಬ್ಬ ಹುಡುಗ ಮಾತ್ರ. ಸಾಲದಲ್ಲಿ ಮುಳುಗಿದವನನ್ನು ಅದು ಸರಿಯಾಗಿಯೇ ಗುರುತಿಸಿತು, ಮತ್ತು ಇನ್ನೊಂದು ಸಾಲವನ್ನು ನೀಡಲು ಬಂದಿತು.

ಕಾನೂನು ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಸಾಲದ ಆ್ಯಪುಗಳು ಸಾಲಗಾರನ ಮೊಬೈಲಿನ ಹೆಸರುಗಳ ಪಟ್ಟಿಯನ್ನಾಗಲಿ ಚಿತ್ರಗಳನ್ನಾಗಲಿ ಮುಟ್ಟಕೂಡದು. ಬಡ್ಡಿ ಶುಲ್ಕಗಳೆಲ್ಲವನ್ನೂ ಒಂದು ಹಾಳೆಯಲ್ಲಿ ಮೊದಲೇ ಬರೆದು ಕೊಡಬೇಕು. ನಿಯಮದಂತೆ ನಡೆಯುವ ಸಂಸ್ಥೆಗಳ ಆ್ಯಪುಗಳ ಪಟ್ಟಿಯನ್ನು ಬ್ಯಾಂಕು 2025ರಿಂದ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತಿದೆ. ಕಿರುಸಾಲಗಳ ವಸೂಲಿಯಲ್ಲಿ ಬಲವಂತ, ಬೆದರಿಕೆ ತಡೆಯಲು ಕರ್ನಾಟಕ ಸರ್ಕಾರವೂ 2025ರಲ್ಲಿ ಪ್ರತ್ಯೇಕ ಕಾನೂನು ತಂದಿತು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ ಐವತ್ತು ಲಕ್ಷದವರೆಗೆ ದಂಡವಿದೆ. ವಸ್ತುವನ್ನು ಕೊಡಿಸುವಂತೆ ಹೆತ್ತವರನ್ನು ಪೀಡಿಸಲು ಮಕ್ಕಳನ್ನು ನೇರವಾಗಿ ಪ್ರಚೋದಿಸುವ ಜಾಹೀರಾತುಗಳನ್ನು 2022ರ ಮಾರ್ಗಸೂಚಿಗಳು ನಿಷೇಧಿಸಿವೆ. ಗ್ರಾಹಕರ ದೂರಿಗೆ 1915, ಮೊಬೈಲಿನ ಹಣದ ಮೋಸಕ್ಕೆ 1930. ಈ ಎರಡು ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳಿತು. ಕಾನೂನಿನ ಪುಸ್ತಕ ಹುಡುಗನಿಗೆ ರಾತ್ರಿ ಹನ್ನೊಂದಕ್ಕೆ ನೆನಪಾಗುವುದಿಲ್ಲ.

ಅವನು ಕೊನೆಗೆ ಹೇಳಿದ್ದು ಅಪ್ಪನಿಗಲ್ಲ, ಆಯಿಗೆ. ಜಪಸರವಾಗಿ ನಾಲ್ಕನೆಯ ದಿನ. “ಅಂವ ಯಾಂವ ಅಂತ ಅವತ್ತು ಕೇಳಿದ್ಯಲ್ಲ ಆಯಿ, ಅಂವ ನನಗ ಗೊತ್ತಿರಾಂವನ” ಎಂದು ಶುರುಮಾಡಿದನಂತೆ. ಆಯಿ ಪೂರ್ತಿ ಕೇಳಿದರು. ಅರ್ಥವಾಗದ್ದನ್ನು ಎರಡೆರಡು ಸಲ ಕೇಳಿದರು. ಆಮೇಲೆ ಮಗನನ್ನು ಕರೆದು, “ಹುಡುಗನ ಮ್ಯಾಲ ಕೈ ಎತ್ತಬ್ಯಾಡ, ಪೆನ್ನು ತಗೊಂಡ ಬಾ” ಎಂದರು. ಅಪ್ಪ, ಮಗ, ಆಯಿ ಮೂವರೂ ಕುಳಿತು ಯಾವ ಆ್ಯಪಿಗೆ ಎಷ್ಟು ಎಂದು ಶಾಲೆಯ ನೋಟುಬುಕ್ಕಿನ ಹಾಳೆಯಲ್ಲಿ ಬರೆದರು. ಮರುದಿನ 1930ಕ್ಕೆ ದೂರು ಹೋಯಿತು, ಪೊಲೀಸು ಠಾಣೆಗೂ ಹೋಗಿಬಂದರು. ಕರೆಗಳು ಕೆಲವು ವಾರ ಬಂದವು, ಬರಬರುತ್ತ ನಿಂತವು. ಕೈಯಾರೆ ಪಡೆದ ಹಣವೆಷ್ಟು, ತುಂಬಿದ್ದೆಷ್ಟು ಎಂದು ಲೆಕ್ಕ ಹಾಕಿದಾಗ ಪಡೆದದ್ದಕ್ಕಿಂತ ಹೆಚ್ಚೇ ತುಂಬಿಯಾಗಿತ್ತು. ಅಪ್ಪ ಅಂದು ಒಂದೇ ಮಾತು ಆಡಿದರಂತೆ: ಕೆಲಸ ಇಲ್ಲ ಅನ್ನೋದನ್ನ ನನಗ ಹೇಳಾಕ ನಿನಗ ಯಾಕ ಅಷ್ಟ ಅಂಜಿಕಿ ಆತು? ಅದಕ್ಕೆ ಹುಡುಗ ಏನು ಉತ್ತರ ಕೊಟ್ಟನೆಂದು ನಾವು ಕೇಳಲಿಲ್ಲ. ಇದನ್ನೆಲ್ಲ ಬರೆಯಲು ಮನೆಯವರು ಒಪ್ಪಿದರು, ಹೆಸರು ಬೇಡವೆಂದರು.

ನಮ್ಮ ಕುಟುಂಬಗಳಲ್ಲಿ ಕೆಲವರು ಮೊಬೈಲನ್ನೇ ಮನೆಯಿಂದ ಹೊರಗಿಡುವ ಮಾತಾಡುತ್ತಾರೆ. ಆಗದ ಮಾತು. ಮಗಳು ಕುವೈತಿನಲ್ಲಿರುವಾಗ ಅದೇ ಅವಳ ಮುಖ ತೋರಿಸುವ ಕಿಟಕಿ. ಮುಧೋಳದ ಒಂದು ಮನೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮೊಬೈಲುಗಳೂ ರೊಟ್ಟಿಯ ಬುಟ್ಟಿಗೆ ಬೀಳುತ್ತವೆ, ಮುಚ್ಚಳ ಬೀಳುತ್ತದೆ. ಅತಿಥಿಯಾದ ನಮ್ಮದನ್ನೂ ಬಿಡಲಿಲ್ಲ. ಬೀಳಗಿಯ ಶಿಕ್ಷಕ ದಂಪತಿಗಳು ಜಪಸರವನ್ನು ಯೂಟ್ಯೂಬಿನಿಂದ ಕೇಳುವುದನ್ನು ಬಿಟ್ಟು ತಮ್ಮ ಮಕ್ಕಳ ಧ್ವನಿಯಲ್ಲಿಯೇ ಅದನ್ನು ಮುದ್ರಿಸಿ ಅಜ್ಜ ಅಜ್ಜಿಯರಿಗೆ ಕಳುಹಿಸಿದ್ದಾರೆ. ಚಿಕ್ಕವನು ಎರಡು ಕಡೆ ತಪ್ಪು ಹೇಳುತ್ತಾನೆ. ಅಜ್ಜಿಯಂತೂ ಆ ತಪ್ಪನ್ನು ಕೇಳಲೆಂದೇ ದಿನಾಲೂ ಹಚ್ಚುತ್ತಾರಂತೆ.

ಬನಹಟ್ಟಿಯ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆವು. ಸಂಜೆ ಏಳೂವರೆ, ಕುವೈತಿನಲ್ಲಿ ಐದು. ಮೊಬೈಲು ಮಾತೆಯ ಪ್ರತಿಮೆಯ ಪಕ್ಕದಲ್ಲಿಯೇ ಇತ್ತು, ಆದರೆ ಅದರಲ್ಲಿ ಮಗಳ ಮುಖ; ಕೆಲಸದ ಸಮವಸ್ತ್ರದಲ್ಲೇ ಜಪಮಣಿ ಹಿಡಿದು ಕುಳಿತಿದ್ದಳು. ಮುಂದಾಳಾಗಿ ಹೇಳಿದವರು ಆಯಿ. ಹಲ್ಲಿಲ್ಲದ ಬಾಯಿಯಲ್ಲಿ ಅರ್ಧ ಪದಗಳು ತೇಲಿಹೋಗುತ್ತಿದ್ದವು, ಉಳಿದರ್ಧವನ್ನು ಮೊಮ್ಮಗ ಎತ್ತಿ ಹೇಳುತ್ತಿದ್ದ. ನಾಲ್ಕನೆಯ ರಹಸ್ಯದಲ್ಲಿ ನೆಟ್‌ವರ್ಕ್ ಕಡಿದು ಮಗಳ ಮುಖ ತುಟಿ ಅರ್ಧ ತೆರೆದಂತೆಯೇ ನಿಂತುಬಿಟ್ಟಿತು. ಹುಡುಗ ಮುಂದಿನ ಮಣಿಗೆ ಹೋಗಲಿದ್ದ. ಆಯಿ ಕೈಯೆತ್ತಿ ತಡೆದರು.

“ತಡೀರಿ, ಅಕಿ ಬರ್ಲಿ.”